ಅರವಟ್ಟಿಗೆಯ ನೀರು

ವೈಶಾಖದಲ್ಲಿ ರಾಯಚೂರು, ಕಲಬುರಗಿ ಸೀಮೆಗಳ ಬಿಸಿಲು 40 ಡಿಗ್ರಿಯನ್ನು ಮೀರಿದ ವಾರ, ಜನರ ಧರ್ಮಬುದ್ಧಿಯೂ ಚಿಗುರುವುದುಂಟು. ಬೇವಿನ ನೆರಳಿನಲ್ಲಿ ಅರವಟ್ಟಿಗೆ ಏಳುತ್ತದೆ; ಮರಳಿನ ಮೇಲೆ ಮಣ್ಣಿನ ಗುಡಾಣ, ಅದರ ಸುತ್ತ ಒದ್ದೆಬಟ್ಟೆ. ಮೈಯಿಂದ ಜಿನುಗಿದ ನೀರು ಆವಿಯಾಗುತ್ತ ಒಳಗಿನ ಕಾವನ್ನು ಕೊಂಡೊಯ್ಯುವುದರಿಂದ, ಗುಡಾಣವು ತಾನು ಕೊಂಚ ಕಳೆದುಕೊಂಡೇ ಉಳಿದುದನ್ನು ತಣಿಸುತ್ತದೆ. ಎಲ್ಲ ದಾನಿಗಳ ವಿಷಯದಲ್ಲಿ ಈ ಮಾತನ್ನು ಹೇಳಬರುವುದಿಲ್ಲ.

ದಾರಿಗನು ಬಾಗಿ ಬೊಗಸೆಯೊಡ್ಡುವನು. ಒಂದು ಕಾಲಕ್ಕೆ ಎಷ್ಟೋ ಊರುಗಳಲ್ಲಿ ನೀರೆರೆಯುವ ಕೈ ಮೊದಲು ಜಾತಿಯನ್ನು ಕೇಳಿ, ಕೆಲವರಿಗೆ ಎತ್ತರದಿಂದ ಸುರಿಯುತ್ತಿತ್ತು. ಸಾರ್ವಜನಿಕ ಕೆರೆಯೊಂದರ ನೀರನ್ನು ಮುಟ್ಟುವುದಕ್ಕಾಗಿ 1927ರ ಮಾರ್ಚಿಯಲ್ಲಿ ಅಂಬೇಡ್ಕರರು ಸಾವಿರಾರು ಜನರೊಡನೆ ಮಹಾಡದ ಚವದಾರ ಕೆರೆಗೆ ನಡೆಯಬೇಕಾಯಿತು. ನೀರೆರೆದರೆ ಪುಣ್ಯವೆನ್ನುವವರಿಗೆ ಆಗಲೂ ಕೊರತೆಯಿರಲಿಲ್ಲ.

ಹಾಗಾದರೆ ನೀರು ದಾನವೋ, ಸಲ್ಲಬೇಕಾದ ಪಾಲೋ? ದಾನವೆಂದಾಗ ಕೊಡದಿರುವ ಸ್ವಾತಂತ್ರ್ಯವೂ ಕೊಡುವವನಲ್ಲಿ ಉಳಿಯುತ್ತದೆ. ಬಾಯಾರಿದವನೆದುರು ಆ ಸ್ವಾತಂತ್ರ್ಯ ಯಾರಿಗುಂಟು? ಪುಣ್ಯದ ಆಸೆಯನ್ನು ಹಳಿಯಬೇಕಾಗಿಲ್ಲ. ಅದಿಲ್ಲದೆ ಎಷ್ಟೋ ಗುಡಾಣಗಳು ತುಂಬುತ್ತಿರಲಿಲ್ಲ. ಆದರೆ ನಸುಕಿನಲ್ಲೆದ್ದು ದೂರದ ಬಾವಿಯಿಂದ ಕೊಡ ಹೊತ್ತು ಅದನ್ನು ತುಂಬಿದ ಕೂಲಿಯವಳ ಹೆಸರು ದಾನಿಯ ಹಲಗೆಯ ಮೇಲೆ ಇರುವುದಿಲ್ಲ. ಮಧ್ಯಾಹ್ನ ಅವಳೂ ಅಲ್ಲಿಗೆ ಬಂದು, ಎಲ್ಲರಂತೆ ಬೊಗಸೆಯೊಡ್ಡಿ ಕುಡಿದು, ಸೆರಗಿನಿಂದ ಬಾಯೊರೆಸಿಕೊಂಡು ಬಿಸಿಲಿಗಿಳಿಯುತ್ತಾಳೆ.