ಪಕ್ಷವಿಲ್ಲದವನ ಹಂಗು

ಸಾರ್ವಜನಿಕ ಕಾರ್ಯಕ್ಕೆ ಇಳಿದ ಮನುಷ್ಯನು ಯಾರ ಹಂಗಿಗೂ ಒಳಗಾಗದೆ ಇರಬಲ್ಲನೆ? ಇದ್ದರೆ ಅದು ಗುಣವೋ, ಬರಿಯ ಒಂಟಿತನವೋ? ಚುನಾವಣೆಯು ಬಂದಾಗಲೆಲ್ಲ ಯಾವನೊಬ್ಬನಾದರೂ ಪಕ್ಷದ ಚಿಹ್ನೆಯನ್ನು ತೊರೆದು, ಇಲ್ಲವೆ ಅದು ದೊರೆಯದೆ, ಸ್ವತಂತ್ರ ಅಭ್ಯರ್ಥಿಯಾಗಿ ನಿಲ್ಲುತ್ತಾನೆ. ತಾನು ಯಾರ ಆಳೂ ಅಲ್ಲವೆಂದು ಸಾರುತ್ತಾನೆ. ಕೇಳಿದವರು ತಲೆದೂಗುತ್ತಾರೆ. ಯಾರ ಆಳೂ ಅಲ್ಲದವನು ನಮ್ಮ ಆಳಾಗುವನೆಂಬುದಕ್ಕೆ ಆಧಾರವೇನೆಂದು ಮಾತ್ರ ಯಾರೂ ವಿಚಾರಿಸುವದಿಲ್ಲ. ನಮ್ಮ ಸೀಮೆಯ ಒಂದು ಉದಾಹರಣೆಯನ್ನೂ ದೂರದ ಐರ್ಲಂಡ ದೇಶದ ಇನ್ನೊಂದನ್ನೂ ಎದುರಿಗಿಟ್ಟುಕೊಂಡು ಈ ಪ್ರಶ್ನೆಯನ್ನು ಪರಾಮರ್ಶಿಸೋಣ.

ನಮ್ಮ ಸೀಮೆಯವರೆಂದರೆ ಅಳವಂಡಿಯ ಶಿವಮೂರ್ತಿಸ್ವಾಮಿಗಳು. ನಿಜಾಮರ ಆಳಿಕೆಯ ಕೊನೆಗಾಲದಲ್ಲಿ, 1947-48ರಲ್ಲಿ, ಸಂಸ್ಥಾನದ ಗಡಿಯಾಚೆಗೆ ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಹೋರಾಟದ ಶಿಬಿರವನ್ನು ನಡೆಯಿಸಿದವರು ಅವರು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ ಸಂಸ್ಥಾನವು ಭಾರತದಲ್ಲಿ ಸೇರಿತು. ನಾಲ್ಕು ವರ್ಷ ತುಂಬುವ ಮೊದಲೇ ಪ್ರಥಮ ಸಾರ್ವತ್ರಿಕ ಚುನಾವಣೆಯು ಬಂದಿತು. ಸ್ವಾತಂತ್ರ್ಯದ ಕೀರ್ತಿಯೆಲ್ಲವೂ ಕಾಂಗ್ರೆಸ್ಸಿನ ಹೆಸರಿನಲ್ಲಿಯೇ ನೆಲೆಸಿದ್ದ ಆ ಕಾಲದಲ್ಲಿ ಸ್ವಾಮಿಗಳು ಅಂದಿನ ರಾಯಚೂರು ಜಿಲ್ಲೆಯ ಕುಷ್ಟಗಿ ಕ್ಷೇತ್ರದಿಂದ ಸ್ವತಂತ್ರರಾಗಿ ನಿಂತು 1952ರಲ್ಲಿ ಲೋಕಸಭೆಯನ್ನು ಪ್ರವೇಶಿಸಿದರು. (ಕೊಪ್ಪಳವು ಬೇರೆ ಜಿಲ್ಲೆಯಾದುದು 1997ರಲ್ಲಿ. ಇಂದಿಗೂ ಸಿಂಧನೂರು, ಮಸ್ಕಿಗಳ ಮತದಾರರು ಕೊಪ್ಪಳ ಲೋಕಸಭಾ ಕ್ಷೇತ್ರಕ್ಕೆ ಸೇರಿದವರು. ಲಿಂಗಸುಗೂರಿನವರು ರಾಯಚೂರು ಕ್ಷೇತ್ರದವರು. ಆದುದರಿಂದ ಈ ಕಥೆಯು ನೆರೆಮನೆಯದೆಂದು ವಾಚಕರು ಭಾವಿಸಬೇಕಾಗಿಲ್ಲ.)

ಆ ಸಭೆಯ 489 ಸ್ಥಾನಗಳಲ್ಲಿ ಕಾಂಗ್ರೆಸ್ಸಿಗೆ 364 ದೊರೆತಿದ್ದವು. ಸ್ವತಂತ್ರರು 37 ಮಂದಿ. ಎಂದರೆ, ಸ್ವಾಮಿಗಳ ಒಂದು ಮತವು ಯಾರಿಗೂ ಬೇಕಾಗಿರಲಿಲ್ಲ. ಅದನ್ನು ಕೊಳ್ಳುವವರೂ ಇಲ್ಲ, ಅದಕ್ಕೆ ಅಂಜುವವರೂ ಇಲ್ಲ. ಕನ್ನಡ ನಾಡು ಒಂದಾಗಬೇಕೆಂದು ಅವರು ಸಭೆಯ ಒಳಗೂ ಹೊರಗೂ ವಾದಿಸಿದರು. 1956ನೆಯ ನವೆಂಬರ 1ರಂದು ನಾಡು ಒಂದಾಯಿತು, ಆದರೆ ಅದು ಅವರ ಒಂದು ಮತದ ಬಲದಿಂದ ಆದುದಲ್ಲ. 1957ರಲ್ಲಿ ಕೊಪ್ಪಳದ ಸ್ಥಾನವು ಕಾಂಗ್ರೆಸ್ಸಿಗೆ ಹೋಯಿತು. 1962ರಲ್ಲಿ ಅವರು ಮರಳಿ ಗೆದ್ದಾಗ ಲೋಕಸೇವಕ ಸಂಘವೆಂಬ ಹೆಸರು ಅವರ ಹಿಂದೆ ಇದ್ದಿತು. ಸಂಘದ ಆಸರೆಯನ್ನು ಪಡೆದುದು ಸ್ವಾತಂತ್ರ್ಯಕ್ಕೆ ಕುಂದೆಂದು ನಮಗೆ ತೋರುವದಿಲ್ಲ. ಒಬ್ಬನೇ ನಡೆದು ಹೊಲವನ್ನು ಮುಟ್ಟಬಹುದು, ಒಬ್ಬನೇ ಹೊಲವನ್ನು ಹರಗುವದು ಕಷ್ಟ.

ಹಾಗಾದರೆ 1952ರಲ್ಲಿ ಮತ ಕೊಟ್ಟವರಿಗೆ ಒದಗಿದ ಲಾಭವಾದರೂ ಏನು? ಕಠೋರವಾದ ಪ್ರಶ್ನೆಯಾದರೂ ಕೇಳಲೇಬೇಕು. ಬೆಲೆಯಿಲ್ಲದ ಮತವನ್ನು ಕೈಯಲ್ಲಿ ಹಿಡಿದವನು ರಸ್ತೆಯನ್ನಾಗಲಿ ಕಾಲುವೆಯನ್ನಾಗಲಿ ತರಲಾರನು. ಅವನಿಂದ ದೊರೆಯುವದು ಮಾತೊಂದೇ. ಆದರೆ ಆ ಮಾತಿಗೆ ಯಾವ ಪಕ್ಷದ ಮುಖ್ಯಸ್ಥನೂ ಬಾಯಿಕಟ್ಟು ಹಾಕಲಾರನು. ಮೇಲಾಗಿ, ತನ್ನ ಮೌನಕ್ಕೆ ಪಕ್ಷದ ಆಜ್ಞೆಯೇ ಕಾರಣವೆಂದು ಹೇಳಿ ಅವನು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಪಕ್ಷದವನ ಹಂಗು ಹಂಚಿಹೋಗಿರುತ್ತದೆ: ಅರ್ಧ ನಾಯಕನಿಗೆ, ಅರ್ಧ ಮತದಾರನಿಗೆ. ಪಕ್ಷವಿಲ್ಲದವನದು ಇಡಿಯಾಗಿ ಮತದಾರನಿಗೇ ಸಲ್ಲತಕ್ಕದ್ದು.

ಈಗ ಮತಕ್ಕೆ ಬೆಲೆ ಬಂದಾಗ ಏನಾಗುವದೆಂಬುದನ್ನು ನೋಡಬೇಕು. ಡಬ್ಲಿನ್ ನಗರದ ನಡುಭಾಗದ ಬಡ ಕೇರಿಗಳಲ್ಲಿ ಟೋನಿ ಗ್ರೆಗರಿ ಎಂಬ ಉಪಾಧ್ಯಾಯರಿದ್ದರು. 1979ರಲ್ಲಿ ನಗರಸಭೆಗೂ, 1982ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಶಾಸನಸಭೆಗೂ ಸ್ವತಂತ್ರರಾಗಿ ಆಯ್ಕೆಯಾದರು. ಆ ದೇಶದಲ್ಲಿ ಒಂದೊಂದು ಕ್ಷೇತ್ರದಿಂದ ಹಲವರನ್ನು ಆರಿಸುತ್ತಾರೆ. ಮತದಾರನು ಅಭ್ಯರ್ಥಿಗಳ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ತನ್ನ ಒಲವಿನ ಕ್ರಮವನ್ನು ಬರೆಯುತ್ತಾನೆ. ಅದರಿಂದ ಒಂಟಿಯಾಗಿ ನಿಂತವನಿಗೂ ಅಲ್ಲಿ ಎಡೆಯುಂಟು. 166 ಸ್ಥಾನಗಳ ಆ ಸಭೆಯಲ್ಲಿ ಆ ವರ್ಷ ಯಾವ ಪಕ್ಷಕ್ಕೂ ಬಹುಮತವಿರಲಿಲ್ಲ. ಪ್ರಧಾನಿಯಾಗಲು ಬಯಸಿದ ಚಾರ್ಲ್ಸ್ ಹಾಹಿಯವರಿಗೆ ಗ್ರೆಗರಿಯವರ ಮತವು ಬೇಕಾಯಿತು. ಗ್ರೆಗರಿಯವರು ತಮಗಾಗಿ ಮಂತ್ರಿಪದವಿಯನ್ನು ಕೇಳಲಿಲ್ಲ. ತಮ್ಮ ಕೇರಿಗಳಿಗೆ ನೂರಾರು ಮನೆಗಳು, ಉದ್ಯೋಗ, ಶಾಲೆ ಎಂದು ಕರಾರುಪತ್ರವನ್ನೇ ಬರೆಯಿಸಿ, ಅದರ ಷರತ್ತುಗಳನ್ನು ತುಂಬಿದ ಸಭೆಯಲ್ಲಿ ಓದಿದರು. ಅದರ ಮೊತ್ತವು ಸುಮಾರು 10 ಕೋಟಿ ಪೌಂಡುಗಳೆಂದು ಅಂದಾಜಿತ್ತು. ಆ ಸರಕಾರವು ನವೆಂಬರಿನಲ್ಲಿಯೇ ಬಿದ್ದುದರಿಂದ ಹಲವು ಮಾತುಗಳು ಕಾಗದದಲ್ಲಿಯೇ ಉಳಿದವು. ಆದರೂ ಜನರು ಅವರನ್ನು ಕೈಬಿಡಲಿಲ್ಲ. 2009ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಆ ಸಭೆಯ ಸದಸ್ಯರಾಗಿದ್ದರು. ಕೊರಳಿಗೆ ಟೈ ಕಟ್ಟದೆ ಸಭೆಗೆ ಬರುವರೆಂದು ಕೆಲವರು ಮೂಗು ಮುರಿದರಂತೆ. ಸಭ್ಯತೆಯನ್ನು ಕೊರಳಿನಲ್ಲಿ ಹುಡುಕುವವರು ಎಲ್ಲ ದೇಶಗಳಲ್ಲಿಯೂ ಇರುತ್ತಾರೆ.

ಇದು ಮತದ ಮಾರಾಟವಲ್ಲವೆ ಎಂದು ಆಕ್ಷೇಪಿಸಬಹುದು. ಬೆಲೆಯು ಯಾರ ಚೀಲಕ್ಕೆ ಹೋಯಿತೆಂಬುದನ್ನೂ, ವ್ಯವಹಾರವು ಬೆಳಕಿನಲ್ಲಿ ನಡೆಯಿತೆ ಎಂಬುದನ್ನೂ ನೋಡಿದರೆ ಮಾರಾಟವೆಂಬ ಶಬ್ದವು ಇಲ್ಲಿಗೆ ಹೊಂದುವದಿಲ್ಲ. ಆದರೆ ಇನ್ನೊಂದು ಆಕ್ಷೇಪವುಂಟು. ಅದನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಆ ಕೇರಿಗಳ ಬಡತನವು ಚುನಾವಣೆಯ ಹಿಂದಿನ ದಿನವೂ ಅಷ್ಟೇ ಇದ್ದಿತು. ಪಕ್ಕದ ಕ್ಷೇತ್ರದ ಬಡವನು ಪಕ್ಷದವನಿಗೆ ಮತ ಕೊಟ್ಟನೆಂಬ ಮಾತ್ರಕ್ಕೆ ಹಿಂದುಳಿಯಬೇಕೆ? ಕಾಲುವೆಯ ಸೀಮೆಯವರಾದ ನಮಗೆ ಇದು ಬೇಗನೆ ತಿಳಿಯತಕ್ಕದ್ದು. ತುಂಗಭದ್ರೆಯ ಎಡದಂಡೆ ಕಾಲುವೆಯಲ್ಲಿ ಮೇಲಿನವರು ಹೆಚ್ಚು ನೀರು ಹಿಡಿದು ಬತ್ತ ಬೆಳೆದರೆ ಕೊನೆಯ ಭಾಗದವರ ಬೆಳೆಯು ಒಣಗುತ್ತದೆ. ಒಬ್ಬ ಶಾಸಕನ ಮತದ ಬಲದಿಂದ ಒಂದು ಉಪಕಾಲುವೆಗೆ ನೀರು ಹೆಚ್ಚಿದರೆ ಅದು ಮುಗಿಲಿನಿಂದ ಇಳಿದ ನೀರಲ್ಲ. ಇನ್ನಾರದೋ ಪಾಳಿಯ ನೀರು. ಆದಕಾರಣ ತನ್ನ ಜನರಿಗಾಗಿ ಬೇಡುವವನು ತನ್ನ ಬೇಡಿಕೆಯು ನೆರೆಯವನಿಗೂ ಒಪ್ಪತಕ್ಕದ್ದೇ ಎಂದು ಕೇಳಿಕೊಳ್ಳಬೇಕು. ಗ್ರೆಗರಿಯವರು ಬಹಿರಂಗವಾಗಿ ಓದಿದುದರ ನಿಜವಾದ ಬೆಲೆಯು ಇದು: ನೆರೆಯವನು ಅದನ್ನು ಕೇಳಿ ಎದ್ದು ನಿಂತು ಪ್ರಶ್ನಿಸಬಹುದಾಗಿತ್ತು.

ನಮ್ಮ ದೇಶದ ಕಾನೂನು ಈ ವಿಷಯದಲ್ಲಿ ವಿಚಿತ್ರವಾಗಿದೆ. 1985ರ ಪಕ್ಷಾಂತರ ನಿಷೇಧದ ಪ್ರಕಾರ ಸ್ವತಂತ್ರನಾಗಿ ಗೆದ್ದವನು ಆಮೇಲೆ ಯಾವ ಪಕ್ಷವನ್ನು ಸೇರಿದರೂ ಸ್ಥಾನವನ್ನು ಕಳೆದುಕೊಳ್ಳುತ್ತಾನೆ. ಮಂತ್ರಿಯಾಗಬಹುದೆ? ನೆರೆಯ ಕನಕಗಿರಿಯಿಂದ 2008ರಲ್ಲಿ ಸ್ವತಂತ್ರರಾಗಿ ಗೆದ್ದು ಮಂತ್ರಿಗಳಾದ ಶಿವರಾಜ ತಂಗಡಗಿಯವರೂ ಇತರ ನಾಲ್ವರೂ 2010ರಲ್ಲಿ ಅನರ್ಹರೆನಿಸಿದರು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ನಿರ್ಣಯವನ್ನು ರದ್ದುಪಡಿಸಿತು. ಮಂತ್ರಿಪದವಿಯನ್ನು ಪಡೆದ ಮಾತ್ರಕ್ಕೆ ಪಕ್ಷವನ್ನು ಸೇರಿದಂತಾಗುವದಿಲ್ಲವೆಂದು ಕಾನೂನಿನ ನಿಲುವು. ಧರ್ಮದ ನಿಲುವೂ ಅದೇ ಎಂದು ಹೇಳಲು ನಮಗೆ ಧೈರ್ಯವಿಲ್ಲ.

ಪಕ್ಷದ ಚಿಹ್ನೆಯು ಮಾತ್ರ ಮನುಷ್ಯನನ್ನು ಕಟ್ಟಿಹಾಕುವದೆ? ಮಸ್ಕಿಯವರಿಗೆ ಉತ್ತರವು ಗೊತ್ತಿದೆ. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಭಾರತೀಯ ಜನತಾ ಪಕ್ಷದ ಬಸನಗೌಡ ತುರ್ವಿಹಾಳರನ್ನು ಕೇವಲ 213 ಮತಗಳಿಂದ ಸೋಲಿಸಿದರು. 2019ರಲ್ಲಿ ಪಾಟೀಲರು ಅನರ್ಹರಾದರು. 2021ರ ಉಪಚುನಾವಣೆಯಲ್ಲಿ ಅದೇ ಇಬ್ಬರು, ಚಿಹ್ನೆಗಳನ್ನು ಅದಲುಬದಲು ಮಾಡಿಕೊಂಡು, ಮತ್ತೆ ಎದುರುಬದುರು ನಿಂತರು. ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆಗ ಪಾಮನಕಲ್ಲೂರಿನ ಕಡೆಯ ರೈತರು 5ಎ ಕಾಲುವೆಗಾಗಿ ಹೋರಾಟದಲ್ಲಿ ಕುಳಿತಿದ್ದರು. ಅವರಿಗೆ ಬೇಕಾಗಿದ್ದುದು ನೀರು, ಚಿಹ್ನೆಯ ಬಣ್ಣವಲ್ಲ.

2024ರ ಲೋಕಸಭೆಗೆ ಗೆದ್ದ ಸ್ವತಂತ್ರರು ಏಳೇ ಮಂದಿ. ಆದರೆ ಊರಿನ ಮಟ್ಟದಲ್ಲಿ ಅವರು ಲೆಕ್ಕವಿಲ್ಲದಷ್ಟು ಇದ್ದಾರೆ. ಏಕೆಂದರೆ ನಮ್ಮ ರಾಜ್ಯದ ಗ್ರಾಮಪಂಚಾಯತಿಯ ಚುನಾವಣೆಯು ಪಕ್ಷದ ಚಿಹ್ನೆಯಿಲ್ಲದೆ ನಡೆಯತಕ್ಕದ್ದು. ಸಿಂಧನೂರು, ಲಿಂಗಸುಗೂರು, ಮಸ್ಕಿ ತಾಲ್ಲೂಕುಗಳ ಪ್ರತಿಯೊಬ್ಬ ಪಂಚಾಯತಿ ಸದಸ್ಯನೂ ಕಾನೂನಿನ ಕಣ್ಣಿಗೆ ಅಳವಂಡಿಯ ಸ್ವಾಮಿಗಳಂತೆ ಸ್ವತಂತ್ರನೇ. ಅಧ್ಯಕ್ಷರ ಆಯ್ಕೆಯ ಹೊತ್ತಿಗೆ ಸದಸ್ಯರನ್ನು ದೂರದ ಊರುಗಳಿಗೆ ಪ್ರವಾಸಕ್ಕೆ ಒಯ್ಯುವ ರೂಢಿಯು ನಾಡಿನಲ್ಲಿ ಬೆಳೆದಿರುವದನ್ನು ವಾಚಕರು ಬಲ್ಲರು. ಆ ಒಂದು ವಾರ ತಮ್ಮ ಓಣಿಯ ಸದಸ್ಯನು ಮನೆಯಲ್ಲಿಯೇ ಇದ್ದಾನೆಯೋ ಎಂದು ಅವರು ಹೋಗಿ ಬಾಗಿಲು ತಟ್ಟಿ ನೋಡಬಹುದು.