ವಕೀಲರ ಬಳಿಗೆ ಹೋಗುವ ಮುನ್ನ

ವ್ಯಾಪಾರವನ್ನು ಅಲ್ಲಾಹನು ಧರ್ಮಸಮ್ಮತಗೊಳಿಸಿರುವನು. ಅದರೊಂದಿಗೆ ವ್ಯವಹಾರದ ಶಿಸ್ತನ್ನೂ ಕಲಿಸಿರುವನು. ಪವಿತ್ರ ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತವು (ಅಲ್‌ಬಕರ: 282) ಸಾಲದ ವ್ಯವಹಾರವನ್ನು ಬರೆದಿಡುವ, ಸಾಕ್ಷಿಗಳನ್ನು ಇರಿಸಿಕೊಳ್ಳುವ ಕುರಿತಾಗಿದೆ ಎಂಬುದನ್ನು ನಮ್ಮಲ್ಲಿ ಎಷ್ಟು ಮಂದಿ ಗಮನಿಸಿದ್ದೇವೆ?

ಗುಬ್ಬಿಯ ಅಡಿಕೆ, ತೆಂಗಿನ ವ್ಯಾಪಾರವಿರಲಿ, ಕುಣಿಗಲ್ಲಿನ ಅಂಗಡಿಯಿರಲಿ, ತುಮಕೂರಿನ ಮಂಡಿಯಿರಲಿ, “ನಮ್ಮವರೇ ತಾನೇ, ಪತ್ರವೇಕೆ?” ಎಂಬ ಮಾತಿನಿಂದಲೇ ಅನೇಕ ಪಾಲುದಾರಿಕೆಗಳು ಆರಂಭವಾಗುತ್ತವೆ. ಲಾಭ ಬರುವ ತನಕ ಎಲ್ಲರೂ ಅಣ್ಣತಮ್ಮಂದಿರು. ನಷ್ಟ ತಲೆದೋರಿದಾಗ ಅಥವಾ ಪಾಲುದಾರರಲ್ಲೊಬ್ಬರು ತೀರಿಕೊಂಡಾಗ ಲೆಕ್ಕವೂ ಇಲ್ಲ, ಸಾಕ್ಷಿಯೂ ಇಲ್ಲ. ವಿಧವೆಯೂ ಅನಾಥ ಮಕ್ಕಳೂ ತಮ್ಮ ಹಕ್ಕಿಗಾಗಿ ಮನೆಮನೆ ಅಲೆಯಬೇಕಾಗುತ್ತದೆ.

ಇಂತಹ ಸಂದರ್ಭದಲ್ಲಿ ವಕೀಲರ ನೆರವು ಪಡೆಯುವುದು ವಿಶ್ವಾಸಕ್ಕೆ ವಿರುದ್ಧವೇ? ಖಂಡಿತ ಅಲ್ಲ. ಹಝ್ರತ್ ಅಲಿ(ರ) ತಮ್ಮ ವ್ಯಾಜ್ಯಗಳಿಗೆ ಸಹೋದರ ಅಕೀಲ್(ರ)ರನ್ನು ಪ್ರತಿನಿಧಿಯಾಗಿ ನೇಮಿಸಿದ್ದರೆಂದು ವರದಿಯಾಗಿದೆ. ನ್ಯಾಯವಾದ ಹಕ್ಕನ್ನು ನ್ಯಾಯವಾದ ಮಾರ್ಗದಲ್ಲಿ ಕೇಳುವುದು ಪಾಪವಲ್ಲ.

ಆದರೆ ಮೊದಲ ಹೆಜ್ಜೆ ಸಂಧಾನವಾಗಿರಲಿ. ಸತ್ಯವಿಶ್ವಾಸಿಗಳು ಪರಸ್ಪರ ಸಹೋದರರು, ಅವರ ನಡುವೆ ಸಂಧಾನ ಮಾಡಿಸಿರೆಂಬುದು ಅಲ್ಲಾಹನ ಆಜ್ಞೆ (ಅಲ್‌ಹುಜುರಾತ್: 10). ದೇಶದ ಕಾನೂನೂ ಇದೇ ದಾರಿ ತೋರುತ್ತದೆ. ಮೂರು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ವಾಣಿಜ್ಯ ವ್ಯಾಜ್ಯದಲ್ಲಿ, ತುರ್ತು ಆದೇಶದ ಅಗತ್ಯವಿಲ್ಲದಿದ್ದರೆ, ದಾವೆಗೆ ಮುನ್ನ ಮಧ್ಯಸ್ಥಿಕೆಗೆ ಹೋಗಲೇಬೇಕು. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ಮೇಲೆ ಅಪೀಲು ಇಲ್ಲ.

ಸಂಧಾನ ಫಲಿಸದಿದ್ದರೆ ವಿಳಂಬಿಸಬೇಡಿ. ಹಣ ವಸೂಲಿಯ ದಾವೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಗಡುವಿದೆ. ಚೆಕ್ಕು ಅಮಾನ್ಯವಾದರೆ, ಬ್ಯಾಂಕಿನಿಂದ ತಿಳಿದ 30 ದಿನಗಳೊಳಗೆ ನೋಟೀಸು ಕಳುಹಿಸಬೇಕು. ಪಾಲುದಾರಿಕೆ ನೋಂದಣಿಯಾಗಿರದಿದ್ದರೆ ಒಪ್ಪಂದದ ಹಕ್ಕಿಗಾಗಿ ದಾವೆ ಹೂಡಲು 1932ರ ಕಾಯ್ದೆ ಅಡ್ಡಿಯಾಗುತ್ತದೆ. ಸಂಸ್ಥೆಯನ್ನು ವಿಸರ್ಜಿಸಿ ಲೆಕ್ಕ ಕೇಳುವ ದಾರಿ ಮಾತ್ರ ತೆರೆದಿರುತ್ತದೆ. ಸಿವಿಲ್ ವ್ಯಾಜ್ಯಗಳಲ್ಲಿ ಅನುಭವವಿರುವ, ಕಾಗದಪತ್ರ ಓದಿದ ಬಳಿಕವೇ ಮಾತನಾಡುವ ವಕೀಲರನ್ನು ಆರಿಸಿರಿ. ಫೀಸನ್ನು ಮೊದಲೇ ಗೊತ್ತುಪಡಿಸಿಕೊಳ್ಳಿರಿ. ಗೆದ್ದ ಹಣದಲ್ಲಿ ಪಾಲು ಎಂಬ ಕರಾರನ್ನು ವಕೀಲರ ಪರಿಷತ್ತಿನ ನಿಯಮಗಳೇ ನಿಷೇಧಿಸಿವೆ. ನಿಮಗೆ ಪ್ರತಿಕೂಲವಾದ ಸತ್ಯವನ್ನೂ ಅವರಿಂದ ಮರೆಮಾಚಬೇಡಿ.

ಇಲ್ಲಿ ಒಂದು ಗಂಭೀರ ಎಚ್ಚರಿಕೆಯಿದೆ. ವಾದಚಾತುರ್ಯದಿಂದ ತನ್ನ ಸಹೋದರನ ಹಕ್ಕು ತನ್ನ ಪರ ತೀರ್ಪಾದರೂ ಅದು ಅವನ ಪಾಲಿಗೆ ಬೆಂಕಿಯ ತುಂಡೆಂದು ಪ್ರವಾದಿವರ್ಯರು(ಸ) ಎಚ್ಚರಿಸಿರುವರು (ಬುಖಾರಿ, ಮುಸ್ಲಿಮ್). ಸ್ವತಃ ಪ್ರವಾದಿವರ್ಯರ(ಸ) ತೀರ್ಪೇ ಸುಳ್ಳುಗಾರನಿಗೆ ಪರರ ಸೊತ್ತನ್ನು ಹಲಾಲ್ ಮಾಡಿಕೊಡದೆಂದಾದರೆ, ತುಮಕೂರಿನ ನ್ಯಾಯಾಲಯದ ಡಿಕ್ರಿ ಮಾಡಿಕೊಡುವುದೇ? ವಂಚಕರ ಪರ ವಾದಿಸಬಾರದೆಂಬ ಆಜ್ಞೆಯೂ (ಅನ್ನಿಸಾ: 105) ಕುರ್‌ಆನಿನಲ್ಲಿದೆ, ನಮ್ಮ ವಕೀಲ ಸಹೋದರರು ಇದನ್ನು ನೆನಪಿಡಬೇಕು.

ಸಾಲಗಾರನು ನಿಜಕ್ಕೂ ಕಷ್ಟದಲ್ಲಿದ್ದರೆ ಕಾಲಾವಕಾಶ ಕೊಡುವುದು ಕರ್ತವ್ಯ. ಬಿಟ್ಟುಕೊಡುವುದು ಇನ್ನೂ ಉತ್ತಮ (ಅಲ್‌ಬಕರ: 280). ಇದ್ದೂ ಕೊಡದೆ ಸತಾಯಿಸುವುದು ಮಾತ್ರ ಅಕ್ರಮ.

ಪ್ರಿಯ ಓದುಗರೇ, ಇಂದು ರಾತ್ರಿ ನಿಮ್ಮ ಲೆಕ್ಕದ ಪುಸ್ತಕ ತೆರೆದು ನೋಡಿರಿ. ಬರಬೇಕಾದುದನ್ನು ಬರೆದಿಡಿರಿ, ಕೊಡಬೇಕಾದುದನ್ನು ಕೊಟ್ಟುಬಿಡಿರಿ. ವಕೀಲರಿಲ್ಲದೆ ಒಬ್ಬಂಟಿಯಾಗಿ ನಿಲ್ಲಬೇಕಾದ ನ್ಯಾಯಾಲಯವೊಂದು ಮುಂದಿದೆ. ಅಂದು ನಮ್ಮ ಕೈಗಳು ಶುದ್ಧವಾಗಿರುವಂತೆ ಅಲ್ಲಾಹನು ಅನುಗ್ರಹಿಸಲಿ. ಆಮೀನ್.