250 ಎಂದ ಮೇಲೆ

ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕಲು ಮನಸ್ಸಾಗದೆ, ಲಿನಕ್ಸ್ ಹಾಕಿ ಮೂಲೆಯಲ್ಲಿಟ್ಟುಕೊಂಡವರು ನಮ್ಮ ನಡುವೆ ಬೇಕಾದಷ್ಟು ಮಂದಿ ಇದ್ದಾರೆ. ಮದುವೆಯ ಫೋಟೊ, ಮಕ್ಕಳ ಅಂಕಪಟ್ಟಿ, ಮನೆಯ ಲೆಕ್ಕಪತ್ರ ಎಲ್ಲದರ ಪ್ರತಿಯೂ ರಾತ್ರಿ ಹೊತ್ತು ಅದರೊಳಗೆ ಸೇರಿಕೊಳ್ಳುತ್ತದೆ. ‘ಬ್ಯಾಕಪ್ ಮುಗಿಯಿತು’, ‘ಡಿಸ್ಕ್ ತುಂಬುತ್ತಿದೆ’ ಎಂದು ಅದು ಬೆಳಗ್ಗೆ ಒಂದು ಮೇಲ್ ಹಾಕಿದರೆ ಮನೆಯವರಿಗೆ ನೆಮ್ಮದಿ. ಆದರೆ ಮನೆಯ ಯಂತ್ರ ನೇರವಾಗಿ ಕಳಿಸಿದ ಮೇಲನ್ನು ದೊಡ್ಡ ಸರ್ವರ್‌ಗಳು ಸಾಮಾನ್ಯವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆಗಳ ಇಂಟರ್ನೆಟ್ ವಿಳಾಸ ಹೆಚ್ಚಾಗಿ ಬದಲಾಗುತ್ತಿರುತ್ತದೆ, ಅದರ ಹಿಂದೆ ಯಾರಿದ್ದಾರೆಂದು ನಂಬುವುದು ಕಷ್ಟ. ಮೇಲ್ ಹೊರಗೆ ಹೋಗುವ 25ನೇ ಪೋರ್ಟನ್ನು ಎಷ್ಟೋ ಇಂಟರ್ನೆಟ್ ಸಂಸ್ಥೆಗಳು ಮುಚ್ಚಿಯೇ ಇಟ್ಟಿರುತ್ತವೆ. ಹಾಗಾಗಿ ನಮ್ಮ ಗುರುತು ಬಲ್ಲ ಇನ್ನೊಂದು ಸರ್ವರಿನ ಕೈಗೆ ಮೇಲನ್ನು ಒಪ್ಪಿಸಬೇಕು. ಅದು ಮುಂದಕ್ಕೆ ದಾಟಿಸುತ್ತದೆ. ಇದನ್ನೇ ರಿಲೇ ಎನ್ನುವುದು.

ಮೊದಲು ಇಷ್ಟು ಕಟ್ಟುನಿಟ್ಟು ಇರಲಿಲ್ಲ. 1982ರ ಆಗಸ್ಟಿನಲ್ಲಿ ಜಾನ್ ಪೋಸ್ಟೆಲ್ ಅವರು ಸರ್ವರ್‌ಗಳು ಮೇಲ್ ಸಾಗಿಸುವ ಪದ್ಧತಿಯಾದ ಎಸ್‌ಎಂಟಿಪಿಯ ನಿಯಮಗಳನ್ನು ಬರೆದಾಗ ಜಾಲದಲ್ಲಿದ್ದವರೆಲ್ಲ ಹೆಚ್ಚುಕಡಿಮೆ ಪರಸ್ಪರ ಬಲ್ಲವರೇ. ಯಾರು ಕೇಳಿದರೂ ಸರ್ವರ್‌ಗಳು ಮೇಲನ್ನು ಮುಂದಕ್ಕೆ ಕಳಿಸಿಕೊಡುತ್ತಿದ್ದವು. ತೊಂಬತ್ತರ ದಶಕದಲ್ಲಿ ಸ್ಪ್ಯಾಮ್ ಕಳಿಸುವವರು ಈ ಸೌಜನ್ಯವನ್ನೇ ದುರುಪಯೋಗ ಮಾಡಿಕೊಂಡರು. 1998ರಲ್ಲಿ ಬಂದ, ಮೇಲ್ ಸಾಗಿಸುವ ತಂತ್ರಾಂಶ ಸೆಂಡ್‌ಮೇಲ್ 8.9, ಅಪರಿಚಿತರ ಮೇಲ್ ಸಾಗಿಸುವುದನ್ನು ತಾನಾಗಿಯೇ ನಿಲ್ಲಿಸಿತು. ಅದೇ ವರ್ಷ ವೀಟ್ಸೆ ವೆನೆಮಾ ಅವರ ಪೋಸ್ಟ್‌ಫಿಕ್ಸ್ ಕೂಡ ಹೊರಬಂತು. ಇವತ್ತು ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ಈ ಕೆಲಸಕ್ಕೆ ಬಳಕೆಯಾಗುವುದು ಅದೇ. ಅದರ ಮೇನ್.ಸಿಎಫ್ ಫೈಲಿನಲ್ಲಿ ರಿಲೇಹೋಸ್ಟ್ ಎಂಬ ಸಾಲಿನಲ್ಲಿ ದಾಟಿಸುವ ಸರ್ವರಿನ ಹೆಸರನ್ನೂ 587 ಎಂಬ ಪೋರ್ಟನ್ನೂ ಬರೆಯಬೇಕು. ಹೆಸರನ್ನು ಚೌಕ ಆವರಣದೊಳಗಿಟ್ಟರೆ ‘ಸೀದಾ ಇದೇ ಯಂತ್ರಕ್ಕೆ ಹೋಗು, ಬೇರೆ ವಿಳಾಸ ವಿಚಾರಿಸಬೇಡ’ ಎಂದರ್ಥ. ಆ ಸರ್ವರಿಗೆ ಕೊಡಬೇಕಾದ ಪಾಸ್‌ವರ್ಡನ್ನು ಬೇರೊಂದು ಫೈಲಿನಲ್ಲಿ ಬರೆದು, ಯಂತ್ರದ ಯಜಮಾನ ಖಾತೆಯಾದ ರೂಟ್ ಹೊರತು ಇನ್ಯಾರೂ ಓದದಂತೆ ಅನುಮತಿಯನ್ನು 600ಕ್ಕೆ ಇಳಿಸಬೇಕು. ಎರಡು ಯಂತ್ರಗಳ ಸಂಭಾಷಣೆ ಗೂಢಲಿಪಿಯಲ್ಲೇ ನಡೆಯಲಿ ಎಂದೂ ವಿಧಿಸಬೇಕು. ತಾಳ್ಮೆಯಿಂದ ಕೂತರೆ ಒಂದು ಮಧ್ಯಾಹ್ನದೊಳಗೆ ಮುಗಿಯುವ ಕೆಲಸ.

ನನಗೆ ಇದರಲ್ಲಿ ಬಹಳ ಹಿಡಿಸುವುದು ಆ ಎರಡು ಯಂತ್ರಗಳ ಮಾತುಕತೆಯ ಕೊನೆಯ ಘಟ್ಟ. ಮೇಲ್ ಪೂರ್ತಿ ಕೈಗೆ ಬಂದ ಮೇಲೆ ಎದುರಿನ ಸರ್ವರ್ 250 ಎಂದು ಉತ್ತರಿಸುತ್ತದೆ. ಅಲ್ಲಿಗೆ ಆ ಪತ್ರದ ಜವಾಬ್ದಾರಿ ಅದರದಾಯಿತು. ಇಂಟರ್ನೆಟ್ಟಿನ ನಿಯಮಗಳನ್ನು ಹೇಳುವ 1989ರ ದಾಖಲೆ ಆರ್‌ಎಫ್‌ಸಿ 1123 ಇದನ್ನು ಬಹಳ ಗಂಭೀರವಾಗಿಯೇ ಹೇಳಿದೆ: ಒಪ್ಪಿಕೊಂಡ ಪತ್ರವನ್ನು ಕ್ಷುಲ್ಲಕ ಕಾರಣಕ್ಕೆ ಕಳೆಯುವಂತಿಲ್ಲ, ಆಮೇಲೆ ಯಂತ್ರವೇ ಕೆಟ್ಟು ನಿಂತಿತು ಎಂಬ ನೆಪವೂ ನಡೆಯುವುದಿಲ್ಲ. ಅದಕ್ಕೇ ಪೋಸ್ಟ್‌ಫಿಕ್ಸ್ ಮೇಲನ್ನು ಡಿಸ್ಕಿಗೆ ಬರೆದುಕೊಂಡ ನಂತರವೇ 250 ಎನ್ನುತ್ತದೆ. ಮುಂದಿನ ಮನೆಯ ಬಾಗಿಲು ಹಾಕಿದ್ದರೆ ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಹೋಗಿ ನೋಡುತ್ತದೆ. ನಾವು ಬದಲಿಸದಿದ್ದರೆ ಐದು ದಿನ ಹೀಗೆ ಪ್ರಯತ್ನಿಸಿ, ಆಗಲೂ ಆಗದಿದ್ದರೆ ಕಳಿಸಿದವರಿಗೆ ‘ತಲುಪಲಿಲ್ಲ, ಕಾರಣ ಹೀಗಿದೆ’ ಎಂದು ಬರೆದು ತಿಳಿಸುತ್ತದೆ. ತೆಗೆದುಕೊಳ್ಳಲು ಆಗದ ಸರ್ವರ್‌ಗೂ ಮರ್ಯಾದೆಯ ದಾರಿಯಿದೆ. ನಾಲ್ಕರಿಂದ ಶುರುವಾಗುವ ಸಂಖ್ಯೆ ಹೇಳಿದರೆ ‘ಈಗ ಆಗದು, ಆಮೇಲೆ ಬಾ’ ಎಂದು, ಐದರಿಂದ ಶುರುವಾದರೆ ‘ನನ್ನಿಂದ ಆಗುವುದಿಲ್ಲ’ ಎಂದು.

ಆ ಸರ್ವರಿನ ಹಾಗೆಯೇ ಗೃಹಸ್ಥರಾದ ನಾವೂ ದಿನವೂ ಯಾರ್‍ಯಾರದೋ ಕೆಲಸ ಒಪ್ಪಿಕೊಳ್ಳುತ್ತೇವೆ. ಪಕ್ಕದ ಮನೆಯ ಅಜ್ಜಿ ಗೇಟಿನ ಹತ್ತಿರ ನಿಲ್ಲಿಸಿ, ‘ಪಿಂಚಣಿ ಎರಡು ತಿಂಗಳಿಂದ ಬಂದಿಲ್ಲ ಕಣಪ್ಪ, ತಾಲ್ಲೂಕು ಕಚೇರಿ ಕಡೆ ಹೋದಾಗ ಸ್ವಲ್ಪ ವಿಚಾರಿಸ್ತೀಯಾ’ ಎನ್ನುತ್ತಾರೆ. ‘ಆಯ್ತಜ್ಜಿ, ವಿಚಾರಿಸ್ತೀನಿ’ ಎನ್ನುತ್ತೇವೆ. ಅಲ್ಲಿಗೆ ಅವರ ಮನಸ್ಸಿನ ಭಾರ ಇಳಿಯಿತು, ಬೇರೆ ಯಾರನ್ನೂ ಅವರು ಕೇಳುವುದಿಲ್ಲ. ನಾವು ಹೋಗದೇ ಇದ್ದರೆ, ಇಲ್ಲವೇ ಹೋಗಿ ಬರಿಗೈಲಿ ಬಂದು ಹೇಳಲು ಸಂಕೋಚಪಟ್ಟು ಸುಮ್ಮನಿದ್ದರೆ, ಅವರು ಮಾತ್ರ ಕೆಲಸ ನಡೆಯುತ್ತಿದೆ ಎಂದೇ ನಂಬಿ ಕೂತಿರುತ್ತಾರೆ. ಆ ಸಂಕೋಚ ಸಜ್ಜನಿಕೆಯಂತೆ ಕಂಡರೂ ನಷ್ಟ ಅಜ್ಜಿಯದೇ. ‘ಗುಮಾಸ್ತರು ರಜೆ ಮೇಲಿದ್ದಾರಂತೆ ಅಜ್ಜಿ, ಸೋಮವಾರ ಮತ್ತೆ ಹೋಗ್ತೀನಿ’ ಎಂದು ಸಂಜೆಯೇ ಒಂದು ಮಾತು ಹೇಳಿ ಬರಲು ಎರಡು ನಿಮಿಷ ಸಾಕು. ಈ ವಾರ ನನಗೆ ಬಿಡುವೇ ಇಲ್ಲ ಎಂದು ನೇರವಾಗಿ ಹೇಳಿದರೂ ತಪ್ಪಿಲ್ಲ. ಅವರು ಮೊಮ್ಮಗನಿಗೆ ಫೋನ್ ಮಾಡಿಯಾರು, ಇಲ್ಲವೇ ಪಾಸ್‌ಬುಕ್ ಚೀಲಕ್ಕೆ ಹಾಕಿಕೊಂಡು ತಾವೇ ಆಟೊ ಹತ್ತಿ ಹೋಗಿ ಬಂದಾರು.